ಕಂಬಳಿಯ ಚೆಂಡು

ಜವರಯ್ಯ ಬಿದಿರಿನ ಗಳುವನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಎಡಹುರಿಯ ಹುಲ್ಲುಹಗ್ಗದಿಂದ ಚಟ್ಟದ ಅಡ್ಡಪಟ್ಟಿಯನ್ನು ಬಿಗಿಯುತ್ತಿದ್ದಾಗ ಕಾಲೊನಿ ಕ್ಲಬ್ಬಿನ ಕಾರ್ಯದರ್ಶಿ ಪಾರ್ಥಸಾರಥಿ ಬೀದಿಯ ಆಚೆ ಬದಿಯಲ್ಲೇ ನಿಂತು ಕೆಮ್ಮಿದರು. ಸಾವಿನ ಮನೆಯ ಅಂಗಳಕ್ಕೆ ಕಾಲಿಟ್ಟರೆ ಮರಳಿ ಸ್ನಾನ ಮಾಡಬೇಕು. ಮಧ್ಯಾಹ್ನದ ಪಂದ್ಯದ ಏರ್ಪಾಡೆಲ್ಲ ಅವರ ತಲೆಯ ಮೇಲಿತ್ತು.

"ಬರೋದಾದ್ರೆ ಒಳಕ್ ಬನ್ನಿ, ಇಲ್ದಿದ್ರೆ ಅಲ್ಲಿಂದ್ಲೇ ಏಳಿ," ಎಂದ ಜವರಯ್ಯ, ತಲೆ ಎತ್ತದೆ. "ನಮ್ಮಕ್ಕ ಏನೂ ತಪ್ಪು ತಿಳ್ಕಳಾಕಿಲ್ಲ."

ಅವನ ಅಕ್ಕ ಚಿಕ್ಕಬೋರಮ್ಮ ಅಂದು ಬೆಳಗಿನ ಜಾವ ತೀರಿಕೊಂಡಿದ್ದಳು. ಶಿವನಸಮುದ್ರದ ವಿದ್ಯುತ್ ಎಂಜಿನಿಯರುಗಳ ಕಾಲೊನಿಯ ಸಿಮೆಂಟಿನ ಟೆನಿಸ್ ಅಂಕಣವನ್ನು ಬೆಳಿಗ್ಗೆ ಗುಡಿಸಿ, ಆಮೇಲೆ ಹೊಲಕ್ಕೆ ಹೋಗುವುದು ಅವಳ ಬದುಕಾಗಿತ್ತು. ಈಗ ಅವಳನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕಾಲ ಬಳಿ ಕೂತಿದ್ದವಳು ಮೊಮ್ಮಗಳು ಮಂಗಳಮ್ಮ. ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿದವಳು ಅಜ್ಜಿಯೇ. ಹುಡುಗಿ ಈಗ ಊರೂರು ತಿರುಗಿ, ಟೆನಿಸ್ ಆಡಿಯೇ ಹೊಟ್ಟೆ ಹೊರೆಯುವಷ್ಟು ಬೆಳೆದಿದ್ದಳು. ಹಾಗೆ ಆಟವನ್ನೇ ಕಸುಬು ಮಾಡಿಕೊಂಡ ಹೆಂಗಸರ ಸಿಂಗಲ್ಸ್ ಪಂದ್ಯಾವಳಿ ಎಪ್ಪತ್ತಾರನೆಯ ಇಸವಿಯ ಆ ಮಾಘದಲ್ಲಿ ಮೊದಲ ಬಾರಿಗೆ ಕಾಲೊನಿಗೇ ಬಂದಿತ್ತು. ಅಂದು ಫೈನಲ್ಲು. ಗೆದ್ದವಳಿಗೆ ಕಲ್ಕತ್ತೆಯ ದೊಡ್ಡ ಪಂದ್ಯಾವಳಿಗೆ ಕರೆ. ಆಡಬೇಕಾದವರು ಮಂಗಳಮ್ಮ ಮತ್ತು ಮಂಡ್ಯದ ಆಂಡಾಳ್.

"ಮಂಗಳ ಬರದಿದ್ದರೆ ಆಂಡಾಳ್ ಗೆದ್ದಳು ಅಂತ ಸಾರಿಬಿಡಬೇಕಾಗುತ್ತೆ," ಎಂದರು ಪಾರ್ಥಸಾರಥಿ. "ಬಂದರೂ ಕಷ್ಟವೇ. ಸೂತಕದವಳು ಮುಟ್ಟಿದ ಚೆಂಡನ್ನ ಆಂಡಾಳ್ ಮುಟ್ಟಬೇಕು. ಅವರದು ಅರ್ಚಕರ ಮನೆ. ಅಜ್ಜಿ ತಿರುಮಲಮ್ಮನವರು ಬೇರೆ ಆಟ ನೋಡೋದಕ್ಕೆ ಬಂದಿದ್ದಾರೆ. ಬಹಳ ಮಡಿ."

"ಬಂದ್ರೂ ಕಷ್ಟ, ಬರದಿದ್ರೂ ಕಷ್ಟ. ಅದನ್ನ ಏಳ್ಕಳಾಕೆ ನಿಮಗೆ ಸಾವಿನ ಮನೇನೇ ಬೇಕಾಗಿತ್ತಾ?"

ಒಳಗಿದ್ದ ನೆರೆಮನೆಯ ಸೋಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಂಗಳಮ್ಮ ಬಾಗಿಲಿಗೆ ಬಂದಳು.

"ತಾತ, ನಾ ಓಗಲಾ?"

"ಹೆಣ ಮನೇಲಿ ಮಡೀಕಂಡು ಚೆಂಡಾಟಕ್ಕಾ? ನಾಕು ಜನ ಏನಂದಾರು?"

"ಆ ನಾಕು ಜನವೂ ಆಗ್ಲೇ ಓಗಿ ಆಟ ನೋಡಾಕೆ ಜಾಗ ಇಡ್ಕಂಡವ್ರೆ ಕಣೋ," ಎಂದಳು ಸೋಮಮ್ಮ. "ಇಲ್ಲಿರೋದು ನಾನು, ನೀನು, ತಮಟೆ ಮರಿಸಿದ್ದಯ್ಯ. ಅವನೂ ನಿನ್ ಮುಖ ನೋಡ್ಕಂಡು ಕೂತವ್ನೆ, ಬುಟ್ರೆ ಓಡೋಯ್ತಾನೆ. ಅಂಕಮ್ಮ ಬರೋಗಂಟ ನೀನೂ ಎತ್ತೋ ಅಂಗಿಲ್ಲವಲ್ಲ."

ಅಂಕಮ್ಮ ಜವರಯ್ಯನ ತಂಗಿ. ಅವಳು ಕೊಪ್ಪದಿಂದ ಮದ್ದೂರು, ಮದ್ದೂರಿಂದ ಮಳವಳ್ಳಿ, ಅಲ್ಲಿಂದ ಇಲ್ಲಿಗೆ ಎಂದು ಬಸ್ಸು ಬದಲಾಯಿಸಿ ಬರಬೇಕಾಗಿತ್ತು. ಜವರಯ್ಯ ಹಗ್ಗವನ್ನು ಇನ್ನೊಮ್ಮೆ ಎಳೆದು ನೋಡಿದ.

"ಓಗು. ಅಂಕಮ್ಮ ಬಂದೇಟ್ಗೆ ಎತ್ತೀವಿ. ಅಷ್ಟೊತ್ಗೆ ನಿನ್ನಾಟ ಮುಗಿದಿದ್ರೆ ಸರಿ, ಇಲ್ದಿದ್ರೆ ನಿಮ್ಮಜ್ಜಿ ಮಣ್ಣು ನಿನಗಿಲ್ಲ."

"ಆದರೆ ಚೆಂಡು?" ಎಂದರು ಪಾರ್ಥಸಾರಥಿ.

"ಅದನ್ನ ಆ ಅಮ್ಮನ್ನೇ ಕೇಳ್ತೀನಿ," ಎಂದು ಮಂಗಳಮ್ಮ ತಲೆಗೆ ನೀರು ಹಾಕಿಕೊಳ್ಳಲು ಹೋದಳು.

* * *

ಮಂಗಳ ಇನ್ನೂ ಲಂಗ ಉಡುತ್ತಿದ್ದ ಕಾಲ. ಅಜ್ಜಿ ಅಂಕಣದ ಮೇಲೆ ಉದುರಿದ ಬೇವಿನೆಲೆ ಗುಡಿಸುತ್ತಿದ್ದಳು. ಹಿಂದಿನ ಸಂಜೆ ಯಾರೋ ಮರೆತುಹೋದ ಚೆಂಡು ಬಲೆಯ ಬುಡದಲ್ಲಿ ಬಿದ್ದಿತ್ತು. ಮಗು ಓಡಿಹೋಗಿ ಅದನ್ನು ಒದೆಯಿತು.

"ಒದೀಬ್ಯಾಡ ಕಣೆ." ಚಿಕ್ಕಬೋರಮ್ಮ ಪೊರಕೆ ಬಿಟ್ಟು ಬಂದು ಚೆಂಡನ್ನೆತ್ತಿ ಕೆನ್ನೆಗೆ ಉಜ್ಜಿ ನೋಡಿದಳು. "ಉಣ್ಣೆ ಇದು. ಕಂಬಳಿ. ಕಂಬಳೀನ ಕಾಲಲ್ಲಿ ಒದ್ದಾರಾ?"

ಅವಳ ಲೋಕದಲ್ಲಿ ಹಸೆಗೆ ಹಾಸುವುದು ಕಂಬಳಿ, ದೇವರ ಗದ್ದುಗೆಗೆ ಹಾಸುವುದೂ ಕಂಬಳಿ. ಯಾರು ಮುಟ್ಟಿದರೂ ಅದಕ್ಕೆ ಮೈಲಿಗೆಯಿಲ್ಲ; ಆದ್ದರಿಂದಲೇ ಅದಕ್ಕೆ ಕಾಲೂ ಪೊರಕೆಯೂ ಸೋಕಬಾರದು. ಅಂದಿನಿಂದ ಅಂಕಣದಲ್ಲಿ ಚೆಂಡು ಕಂಡಾಗಲೆಲ್ಲ ಅವಳು ಪೊರಕೆಯನ್ನು ಬದಿಗಿಟ್ಟು, ಸೊಂಟ ಬಗ್ಗಿಸಿ ಕೈಯಿಂದಲೇ ಎತ್ತಿ ಕಲ್ಲುಬೆಂಚಿನ ಮೇಲಿಡುತ್ತಿದ್ದಳು. ಎಂಜಿನಿಯರುಗಳು ನಕ್ಕರು, ಆಮೇಲೆ ನಗುವುದನ್ನು ಮರೆತರು.

"ಒದೀಬಾರ್ದು, ಪೊರಕೆ ತಾಕಿಸ್ಬಾರ್ದು. ಮತ್ತೇನ್ ಮಾಡ್ಲಿ ಇದನ್ನ?" ಎಂದಿತು ಮಗು.

ಅಜ್ಜಿ ಯೋಚಿಸಿದಳು. ಯಾರದೋ ಮನೆಯಾಕೆ ಎಸೆದಿದ್ದ ಸೀಳುಬಿಟ್ಟ ರಾಕೆಟ್ಟೊಂದನ್ನು ಬೇಲಿಯ ಮೂಲೆಯಿಂದ ತಂದು ಕೊಟ್ಟಳು.

"ಅವರೆಲ್ಲ ಮಾಡೋದನ್ನೇ ಮಾಡು."

ವರ್ಷಗಳ ಮೇಲೆ, ಒಂದು ಸಲ ನನ್ನಾಟ ಕೂತು ನೋಡು ಎಂದು ಮಂಗಳ ಕರೆದಾಗಲೆಲ್ಲ, ಅಜ್ಜಿಯದು ಒಂದೇ ಉತ್ತರ: "ಕೂತ್ಕಂಡ್ರೆ ಕಳೆ ಯಾರ್ ಕೀಳ್ತಾರೆ?"

* * *

ತಿರುಮಲಮ್ಮ ಅಂಕಣದ ಬದಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒದ್ದೆ ಕೂದಲಿನ ಮಂಗಳಮ್ಮ ಗೇಟಿನ ಹತ್ತಿರವೇ ನಿಂತು, ಚೆಂಡನ್ನು ಕಲ್ಲುಬೆಂಚಿನ ಮೇಲಿಟ್ಟು ಹಿಂದಕ್ಕೆ ಸರಿದಳು.

"ನಾನು ಸೂತಕದವಳು ಕಣಮ್ಮ. ಇದು ಉಣ್ಣೆ. ನಮ್ಮಜ್ಜಿ ಇದಕ್ಕೆ ಪೊರಕೇನೂ ತಾಕಿಸ್ತಿರಲಿಲ್ಲ. ಆಡಬೌದಾ, ನೀವೇ ಏಳಿ."

ತಿರುಮಲಮ್ಮ ಎದ್ದು ಬಂದು ಚೆಂಡನ್ನು ಕೈಗೆತ್ತಿಕೊಂಡರು. ಉಗುರಿನಿಂದ ಒಂದು ಎಳೆ ಕಿತ್ತು ಬೆಳಕಿಗೆ ಹಿಡಿದರು, ಮೂಸಿದರು.

"ಉಣ್ಣೆಯೇ. ನಾನು ಮಡಿಗೆ ಉಡೋ ಧಾಬಳಿಯೂ ಇದೇ ತಾನೆ? ಉಣ್ಣೆಗೆಲ್ಲಿಯ ಮೈಲಿಗೆ?" ಕಾರ್ಯದರ್ಶಿಯ ಕಡೆ ತಿರುಗಿದರು. "ಇದಕ್ಕೇನಪ್ಪ ನೀನು ಬೆಳಗಿನಿಂದ ಮುಖ ಸಣ್ಣಗೆ ಮಾಡಿಕೊಂಡು ಓಡಾಡ್ತಿದ್ದುದು? ನಾನೆಲ್ಲೋ ಹೊಟ್ಟೆನೋವು ಅಂದುಕೊಂಡೆ. ಆಂಡಾಳ್, ಕೈ ಮಾತ್ರ ಕುಲುಕಬೇಡ."

"ಸದ್ಯ," ಎಂದಳು ಆಂಡಾಳ್. "ಆಡದೇ ಗೆದ್ದು ಕಲ್ಕತ್ತೆಗೆ ಹೋಗಿದ್ದರೆ ದಾರಿಯುದ್ದಕ್ಕೂ ನಿನ್ನ ಮುಖವೇ ಕಣ್ಣ ಮುಂದೆ ಬರ್ತಿತ್ತು, ಮಂಗಳಾ."

* * *

ಮೊದಲ ಸೆಟ್ಟು ಆಂಡಾಳ್‌ಗೆ ಹೋಯಿತು, ಎರಡನೆಯದು ಮಂಗಳಮ್ಮನಿಗೆ ಬಂತು. ಮೂರನೆಯದು ನಡೆಯುತ್ತಿರುವಾಗ ದೂರದಲ್ಲಿ ತಮಟೆ ಕೇಳಿಸಿತು. ಅಂಕಮ್ಮನ ಬಸ್ಸು ಬಂದಿತ್ತು.

ಮಂಗಳಮ್ಮ ಎರಡು ಸುಲಭದ ಚೆಂಡುಗಳನ್ನು ಬಲೆಗೆ ಹೊಡೆದಳು. ಸೋತರೆ ಬೇಗ ಮುಗಿಯುತ್ತಿತ್ತು. ಅಜ್ಜಿಯ ಮಣ್ಣಿಗೆ ಓಡಬಹುದಾಗಿತ್ತು.

ಊರಿನ ಹೆಣಗಳನ್ನೆಲ್ಲ ದಾರಿಯ ನಡುವೆ ಒಮ್ಮೆ ಇಳಿಸಿ, ಮನೆಯ ಕಡೆಗಿದ್ದ ಮುಖವನ್ನು ಮಣ್ಣಿನ ಕಡೆಗೆ ತಿರುಗಿಸಿ, ಹೊತ್ತವರು ಹೆಗಲು ಬದಲಿಸುವ ಜಾಗ ಅಂಕಣದ ಬೇಲಿಯಾಚೆಯ ಬೇವಿನ ಬುಡ. ಅಕ್ಕನನ್ನು ಕೂರಿಸಿ ಹೊತ್ತ ಚಟ್ಟದ ಜೊತೆ ಅಲ್ಲಿಗೆ ಬಂದು ಜವರಯ್ಯ ನಿಂತ.

"ಇನ್ನೆಷ್ಟೊತ್ತಲಾ ಇದು?" ಎಂದು ಬೇಲಿಗೊರಗಿದ್ದ ಒಬ್ಬನನ್ನು ಕೇಳಿದ.

"ಇದಕ್ಕೆ ಒತ್ತು ಅಂತ ಇಲ್ಲ ಕಣಣ್ಣ. ಒಬ್ರು ಗೆಲ್ಲೋಗಂಟ."

ಜವರಯ್ಯ ಪಡುವಣದ ಬಿಸಿಲನ್ನು ನೋಡಿದ. ಬೇಲಿಯೊಳಗೆ ತನ್ನನ್ನೇ ನೋಡುತ್ತಿದ್ದ ಹುಡುಗಿಯನ್ನೂ ನೋಡಿದ.

"ಇಳಿಸ್ರಲಾ. ಅಂಕಣದ ಕಡೀಕೇ ಮುಖ ಮಾಡಿ ಕೂರಿಸ್ರಿ. ನಮ್ಮಕ್ಕ ಒಂದಿನಾನೂ ಕೂತ್ಕಂಡು ಆಟ ನೋಡಿಲ್ಲ. ಇವತ್ತು ಅವಳಿಗೆ ಕಳೆ ಕೀಳೋ ಕೆಲ್ಸ ಇಲ್ಲ."

ಅಂಕಮ್ಮ ಅಳುವುದನ್ನು ನಿಲ್ಲಿಸಿ ಬೇಲಿಯ ತಂತಿ ಹಿಡಿದು ನಿಂತಳು. ಮಂಗಳಮ್ಮ ಮುಖವನ್ನು ತೋಳಿಗೆ ಒರೆಸಿಕೊಂಡು ಗೆರೆಗೆ ಮರಳಿದಳು. ಮರಿಸಿದ್ದಯ್ಯ ಚೆಂಡು ಮೇಲೆದ್ದಾಗ ತಮಟೆ ನಿಲ್ಲಿಸುತ್ತಿದ್ದ, ಪಾಯಿಂಟು ಮುಗಿದೊಡನೆ ಬಡಿಯುತ್ತಿದ್ದ.

ಪಂದ್ಯವನ್ನು ಮಂಗಳಮ್ಮ ಗೆದ್ದಳೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎಷ್ಟಕ್ಕೆಷ್ಟು ಎಂಬುದನ್ನು ಮಾತ್ರ ಮಳವಳ್ಳಿಯವರು ಒಂದು ಬಗೆಯಾಗಿ, ಕೊಪ್ಪದವರು ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಕೊನೆಯ ಚೆಂಡಿನ ವಿಷಯದಲ್ಲಿ ಎಲ್ಲರದೂ ಒಂದೇ ಪಾಠ. ಆಂಡಾಳ್ ಹೊಡೆದ ಅದು ಗೆರೆ ದಾಟಿ, ಬೇಲಿಯ ಕೆಳಗೆ ನುಸುಳಿ, ಹೆಣದ ಮುಂದೆ ಎರಚಿದ್ದ ಪುರಿಯ ನಡುವೆ ಉರುಳುತ್ತ ಚಟ್ಟದ ಬುಡಕ್ಕೆ ಬಂದು ನಿಂತಿತು. ಜವರಯ್ಯ ಅದನ್ನು ಆಚೆ ತಳ್ಳಲು ಕಾಲೆತ್ತಿದ. ಎತ್ತಿದ ಕಾಲನ್ನು ಮೆಲ್ಲನೆ ನೆಲಕ್ಕಿಟ್ಟ. ಬಗ್ಗಿ ಚೆಂಡನ್ನು ಕೈಗೆತ್ತಿಕೊಂಡು, ಹೆಗಲ ಕಂಬಳಿಯ ಅಂಚಿನಿಂದ ಧೂಳು ಒರೆಸಿ, ಬೇಲಿಯ ಮೇಲಿಂದ ಕೈ ಚಾಚಿ ನಿಂತಿದ್ದ ಆಂಡಾಳ್‌ಳ ಅಂಗೈಯಲ್ಲಿಟ್ಟ.