ಶನಿವಾರ ಬೇಡಿದವಳು

೧೯೦೫ರ ಜನವರಿಯಲ್ಲಿ ನಾನು ತುಂಬಿದ ಚಾಪೆಲ್‌ನಲ್ಲಿ, ನಮ್ಮೂರ ಪುಟ್ಟ ಚರ್ಚಿನಲ್ಲಿ, ಎದ್ದು ನಿಂತು, ಗಂಡನ ಹೆಸರು ಹಿಡಿದು ದೇವರನ್ನು ಬೇಡಿಕೊಂಡೆ. ಆ ಚಳಿಗಾಲ ಕಲ್ಲಿದ್ದಲು ಗಣಿಗಳ ನಮ್ಮ ರೋಂಡಾ ಕಣಿವೆಗೆಲ್ಲ ಭಕ್ತಿಯ ಜ್ವರ ಬಂದಿತ್ತು. ದಾರಿ ತಪ್ಪಿದವರ ಹೆಸರನ್ನು ಹೆಂಗಸರು ಎಲ್ಲರೆದುರು ಕೂಗುತ್ತಿದ್ದರು. ಹೆಸರಿನವನು ಎದ್ದು ಮುಂದೆ ಬರುವ ತನಕ ಜನ ಹಾಡು ನಿಲ್ಲಿಸುತ್ತಿರಲಿಲ್ಲ. ನನ್ನ ಇಥೆಲ್ ಕುಡುಕನಲ್ಲ, ಜೂಜುಕೋರನೂ ಅಲ್ಲ. ಅವನ ಪಾಪ ಒಂದೇ, ಶನಿವಾರದ ರಗ್ಬಿ ಆಟ. ನಾಲ್ಕನೇ ಸಲ ಕೂಗಿದಾಗ ಹಿಂದಿನ ಬೆಂಚಿನಿಂದ ಎದ್ದು ಬಂದ. ಮರುದಿನ ತಂಡದ ಪಟ್ಟೆ ಅಂಗಿಯನ್ನು ತಾನೇ ಒಲೆಗೆ ಹಾಕಿದ. ನಾನು ಗೆದ್ದೆ ಎಂದುಕೊಂಡೆ.

ಗೆದ್ದದ್ದೇನು, ಮಣ್ಣು! ಮೊದಲೆಲ್ಲ ಗಣಿಯಿಂದ ಬಂದು ಒಲೆಯ ಮುಂದೆ ತೊಟ್ಟಿಯಲ್ಲಿ ಕೂತು ಮೈ ತೊಳೆಯುವಾಗ ಅವನು ಹಾಡುತ್ತಿದ್ದ. ಆ ದಪ್ಪ ದನಿಗೆ ಕಪಾಟಿನ ಬಟ್ಟಲುಗಳು ಸಣ್ಣಗೆ ಅದುರುತ್ತಿದ್ದವು. ಅದು ನಿಂತೇ ಹೋಯಿತು. ಚಾಪೆಲ್‌ನಲ್ಲೂ ಬರೀ ತುಟಿ ಆಡಿಸುತ್ತಿದ್ದ.

"ಏನಾದ್ರೂ ಹಾಡೋ," ಎಂದೆ ಒಂದು ದಿನ.

"ಅಲ್ಲಿ ನೀವೆಲ್ಲ ಹಾಡ್ತೀರಲ್ಲ, ಸಾಲ್ದೇನೇ?"

ಸಿಟ್ಟಿನಿಂದ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವನಿಗೆ ಸಿಟ್ಟೇ ಇರಲಿಲ್ಲ.

ಜುಲೈನಲ್ಲಿ ವಾಟ್ಸ್‌ಟೌನ್ ಗಣಿ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಹೂಳುವಾಗ ಕಣಿವೆಯ ಜನವೆಲ್ಲ ಹಾಡಿದರೆ ಇಥೆಲ್ ಟೋಪಿ ಕೈಯಲ್ಲಿ ಹಿಡಿದು ಬಾಯಿ ಮುಚ್ಚಿ ನಿಂತಿದ್ದ. ನಾಳೆ ಇವನೂ ಹೋದರೆ ನನ್ನ ಕಿವಿಗೆ ಉಳಿಯುವುದೇನು? ಪಕ್ಕದಲ್ಲೇ ಇದ್ದವನಿಗಾಗಿ ನಾನು ಹಗಲಿಡೀ ಹಂಬಲಿಸುತ್ತಿದ್ದೆ.

ಡಿಸೆಂಬರಿನಲ್ಲಿ ನಮ್ಮ ದೇಶದ ತಂಡದೆದುರು ಆಡಲು ನ್ಯೂಜಿಲೆಂಡಿನ ರಗ್ಬಿ ತಂಡ ಕಾರ್ಡಿಫ್‌ಗೆ ಬರುವುದಿತ್ತು. ಆ ಪ್ರವಾಸದಲ್ಲಿ ಅದನ್ನು ಇನ್ನೂ ಯಾರೂ ಸೋಲಿಸಿರಲಿಲ್ಲ. ಬೀದಿಯವರಿಗೆ ಬೇರೆ ಮಾತೇ ಇಲ್ಲ.

"ಏನೋ ಆಮೆನ್ ಇಥೆಲ್, ನಾವು ಆಟಕ್ಕೆ, ನೀನು ಬೈಬಲ್ ಪಾಠಕ್ಕಾ?" ಎಂದು ಗಣಿಯ ಗೆಳೆಯರು ಛೇಡಿಸಿದರು.

"ಹೋಗ್ರೋ, ಗೆದ್ಕೊಂಡು ಬನ್ನಿ," ಎಂದ. ಒಳಗೆ ಬಂದು ಬೂಟಿನ ದಾರ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದ.

ಆಟದ ಹಿಂದಿನ ದಿನ ಶುಕ್ರವಾರದ ಪ್ರಾರ್ಥನೆಯಲ್ಲಿ ನಾನು ಮತ್ತೆ ಎದ್ದು ನಿಂತೆ. ಸಭೆಯ ಹಿರಿಯ ಎಲಿಯಾಸರ್ ಪ್ಯೂ ಅವರ ಮುಖ ಅರಳಿತು. "ಹೇಳಮ್ಮಾ ಲೀಸಾ, ಯಾರ ಹೆಸರು?"

"ಅದೇ ಹೆಸರು, ಇಥೆಲ್. ಜನವರೀಲಿ ನಾನು ಕೂಗಿದ್ದು ಇವನ ಆತ್ಮಕ್ಕಲ್ಲ, ಶನಿವಾರಕ್ಕೆ. ಚೆಂಡಿನ ಹಿಂದೆ ಓಡೋ ಬದಲು ವಾರಕ್ಕೊಂದು ಮಧ್ಯಾಹ್ನ ನನ್ ಜೊತೆ ಕೂರ್ಲಿ ಅಂತ. ದೇವರ ಹೆಸರಲ್ಲಿ ಸುಳ್ಳು ಹೇಳ್ದೆ. ಇವನು ಕೂತಿದಾನೆ, ಆದ್ರೆ ನನ್ ಗಂಡ ಮನೇಲಿಲ್ಲ. ಅವನನ್ನ ವಾಪಸ್ ಕೊಡು ದೇವರೇ."

"ಸಾಕು, ಕೂತ್ಕೋ!"

"ಕೂರ್ತೀನಿ ಪ್ಯೂ ಅವರೇ. ನಂದು ಮುಗೀತು."

ಯಾರೂ ಹಾಡು ಎತ್ತಲಿಲ್ಲ. ಇಥೆಲ್ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಓಡಿದೆ.

"ಇಷ್ಟು ಹೇಳೋಕೆ ಹನ್ನೊಂದು ತಿಂಗಳು ಬೇಕಾಯ್ತೇನೇ?"

"ಬೇಕಾಯ್ತು ಕಣೋ. ನಾಳೆ ಹೋಗು."

ಶನಿವಾರ ಮೊದಲ ರೈಲಿಗೇ ಹೋದ. ಸಂಜೆ ಬೀದಿಯ ತುದಿಯಿಂದ ಕೂಗು ಕೇಳಿತು: ಮೂರು–ಸೊನ್ನೆ, ನಮ್ಮದೇ ಗೆಲುವು! ಆಟಕ್ಕೆ ಮುಂಚೆ ಎದುರಾಳಿಗಳು ತಮ್ಮ ಪದ್ಧತಿಯಂತೆ ಕುಣಿದು ಸವಾಲು ಹಾಕಿದಾಗ ಮೈದಾನದ ಸಾವಿರಾರು ಜನ ಒಟ್ಟಿಗೆ ಹಾಡಿದರಂತೆ. ನಾನು ತೊಟ್ಟಿಗೆ ಬಿಸಿನೀರು ತುಂಬಿಸಿ ಕಾದೆ.

ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದ. ನೀರಿಗಿಳಿದ.

"ಈಗ ಹಾಡು," ಎಂದೆ.

ಬಾಯಿ ತೆರೆದ. ಗೊರಗೊರ ಅಂದಿತೇ ಹೊರತು ದನಿ ಏಳಲಿಲ್ಲ. ಗಂಟಲು ತೋರಿಸಿ ಕೈ ಆಡಿಸಿದ. ಇದ್ದಬದ್ದ ದನಿಯನ್ನೆಲ್ಲ ಕಾರ್ಡಿಫ್‌ನಲ್ಲಿ ಸುರಿದು ಬಂದಿದ್ದ.

"ನಂಗೊಂದು ಚೂರೂ ಉಳಿಸ್ಲಿಲ್ವಲ್ಲೋ ಪಾಪಿ!" ನಗುತ್ತಲೇ ಅತ್ತುಬಿಟ್ಟೆ.

ಒದ್ದೆ ಕೈಯಿಂದ ನನ್ನನ್ನು ಬಗ್ಗಿಸಿ, ಕಿವಿಯ ಹತ್ತಿರ ಉಸಿರಿನಲ್ಲೇ ಹೇಳಿದ: "ಮುಂದಿನ ಶನಿವಾರ ನೀನೂ ಬಾರೇ."

ಮದುವೆಯಾದ ಹನ್ನೆರಡು ವರ್ಷದಲ್ಲಿ ಅವನು ಹಾಗೆ ಕರೆದಿರಲಿಲ್ಲ. ಬರಲೇ ಎಂದು ನಾನೂ ಕೇಳಿರಲಿಲ್ಲ.