ಮೂಗಿನ ತುದಿಯ ಬಿಸಿಲು

ಕೂಸಿನ ಕಣ್ಣಿನ ಬಿಳುಪಿನಲ್ಲಿ ಅರಿಸಿನ ಇಳಿದಿದೆಯೆಂಬ ಆತಂಕ ಇಬಿರೊಂಕೆಯನ್ನು ಬಿಡುತ್ತಿರಲಿಲ್ಲ; ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ, ಏಕೆಂದರೆ ಅತ್ತೆ ಇಯಾ ಅಜೋಕೆ ಬರುವುದಕ್ಕೆ ಮೊದಲೇ ಅವರ ಬಟ್ಟೆಯ ನುಸಿಗುಳಿಗೆಯ ವಾಸನೆ ಬಂದು ಎಲ್ಲರ ಬಾಯಿ ಮುಚ್ಚಿಸುತ್ತಿತ್ತು.

ಇಬಾದಾನ್ ಊರಿನ ತಗಡಿನ ಮಾಡುಗಳ ಮೇಲೆ ಬಿಸಿಲೇರುತ್ತಲೇ, ಎಡಗಾಲನ್ನು ತುಸು ಎಳೆಯುತ್ತ, ತಲೆವಸ್ತ್ರವನ್ನು ಕಿರೀಟದಂತೆ ಬಿಗಿದುಕೊಂಡು, ಪೆಟ್ಟಿಗೆಯಲ್ಲಿ ನುಸಿಗುಳಿಗೆಯೊಡನೆ ಇಟ್ಟಿದ್ದ ಹಳೆಯ ನೀಲಿ ಬಟ್ಟೆಯಲ್ಲಿ ಕೂಸನ್ನು ತಲೆಸಮೇತ ಸುತ್ತಿ, ಅವರು ಹೊಸ್ತಿಲಲ್ಲಿ ಕೂರುವರು. ಬಿಸಿಲಿಗೆ ಸಿಗುತ್ತಿದ್ದುದು ಮೂಗಿನ ತುದಿಯಷ್ಟೇ.

“ಇಯಾ, ಆಸ್ಪತ್ರೇಲಿ ಕಾಮಾಲೆಗೆ ನೀಲಿ ದೀಪ ಇದೆ...”

“ನಮ್ಮನೆ ಹೆಂಡ್ತಿ, ಕಾಲೇಜಲ್ಲಿ ಬೆಳಕನ್ನ ಬಾಟ್ಲಿಗೆ ತುಂಬೋದು ಕಲಿಸಿದ್ರೇನೇ? ಹೆಸರಿಲ್ಲದ ಕೂಸನ್ನ ಬೀದಿಗಿಳಿಸ್ತಾರಾ? ಎಂಟನೇ ದಿನ ಹೆಸರಾಗ್ಲಿ, ಎಲ್ಲಿಗಾದ್ರೂ ಹೊತ್ಕೊಂಡು ಹೋಗು. ಮುಗೀತಲ್ಲ!”

ಇಲ್ಲಿ ಸೊಸೆಯನ್ನು ಇಡೀ ಮನೆಯ ಹೆಂಡತಿಯೆಂದೇ ಕರೆಯುವುದು. ದಿನವೂ ಹಿರಿಯರಿಗೆ ಮಂಡಿಯೂರಿ ನಮಸ್ಕರಿಸಿದ ಮೇಲೆ ಎದುರಾಡುವ ದನಿ ಉಳಿಯುವುದಿಲ್ಲ.

ಅವಳು ರಸಾಯನಶಾಸ್ತ್ರ ಓದಿದವಳು. ನೀಲಿ ಬೆಳಕು ತಾಕಿದರೆ ಆ ಹಳದಿಯ ಅಣು ತನ್ನ ಮಡಿಕೆಯನ್ನೇ ಬದಲಿಸಿಕೊಂಡು, ನೀರಿಗೆ ಒಗ್ಗಿ, ಮೈಯಿಂದ ಹರಿದುಹೋಗುತ್ತದೆ. ಬಿಸಿಲಿನಲ್ಲೂ ಆ ಬೆಳಕುಂಟು. ಹಾಗೆಂದೇ ಇಯಾ ಪೂರ್ತಿ ತಪ್ಪಲ್ಲ, ಅರ್ಧ ಸರಿಯಾಗಿದ್ದುದೇ ಘೋರ. ಸುತ್ತಿದ ಬಟ್ಟೆಯನ್ನು ದಾಟಿ ಬೆಳಕು ಒಳಗಿಳಿಯದು; ಅದೇ ಬಟ್ಟೆಯ ನುಸಿಗುಳಿಗೆಯ ಆವಿಯಾದರೋ ಕೆಲವು ಕೂಸುಗಳ ರಕ್ತಕಣಗಳನ್ನು ಒಡೆದು ಹಳದಿಯನ್ನು ಇನ್ನಷ್ಟು ಸುರಿಯುತ್ತದೆ. ಮಿತಿಮೀರಿದ ಹಳದಿ ಮಿದುಳಿಗಿಳಿದು ಕಿವಿ, ಕೈಕಾಲುಗಳನ್ನೂ ಕೆಡಿಸೀತು.

ಇಯಾ ಕ್ರೂರಿಯಲ್ಲ. ಹಿರಿಮಗ ಅದಿಗುನ್ ಕಿವಿ ಕೇಳದ, ಕೈಕಾಲು ತಿರುಚಿದ ನಡುವಯಸ್ಸಿನ ಗಂಡಸು. ಅವನಿಗೆ ಗೆಣಸಿನ ಹಿಟ್ಟಿನ ಮುದ್ದೆಯನ್ನು ತಾವೇ ತುತ್ತು ಮಾಡಿ ಉಣಿಸುವರು, ಅವನು ಎಂದೂ ಕೇಳದ ಹಾಡನ್ನು ದಿನವೂ ಹಾಡುವರು. ಆ ಬೆಳಗ್ಗೆಯೂ ಹಾಗೆ ಉಣಿಸುತ್ತ, ತೊಟ್ಟಿಲಿನತ್ತ ನೋಡಿ ಮುಗುಳ್ನಕ್ಕರು.

“ಇವನೂ ಹೀಗೇ ಹೊನ್ನಿನ ಬಣ್ಣ ಇದ್ದ ಕಣೇ. ಇದೇ ಬಟ್ಟೆ, ಇದೇ ಹೊಸ್ತಿಲು. ಹೆಸರಿಡೋ ಹೊತ್ತಿಗೆ ಎಷ್ಟು ಸಾಧು ಆಗ್ಬಿಟ್ಟ ಅಂತೀಯ, ಹಾಲಿಗೂ ಅಳ್ಲಿಲ್ಲ!”

ಇಬಿರೊಂಕೆಯ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಮಗಳು ಬೆಳಗಿನಿಂದ ಅತ್ತಿರಲಿಲ್ಲ.

ಕೆಡುಕರೊಡನೆ ಜಗಳವಾಡಬಹುದು, ಮಮತೆಯಿಂದಲೇ ಕೆಡಿಸುವ ಈ ಹಿರಿಯರೊಡನೆ ಆಗದು. ತಮ್ಮ ಮಡಿಲಲ್ಲೇ ನಂದಿದ್ದನ್ನು ಅವರು ದೈವದ ಲೆಕ್ಕಕ್ಕೆ ಬರೆದು ಹಾಡುತ್ತಾರೆ. ತಿಳಿದ ನಾವು ಮಂಡಿಯೂರಿ ಆ ಹಾಡು ಕೇಳುತ್ತೇವೆ, ಅದಕ್ಕೆ ಗೌರವವೆಂದು ಹೆಸರಿಡುತ್ತೇವೆ.

ಇಬಿರೊಂಕೆ ಮಗಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದು, ಬರಿಮೈ ಕೂಸನ್ನು ಎದೆಗವಚಿಕೊಂಡು, ಇಯಾರ ಕಣ್ಣೆದುರೇ ಆಸ್ಪತ್ರೆಗೆ ಫೋನು ಮಾಡಿದಳು.

“ಹೆಸರು ಆಮೇಲೆ ಕೇಳಿ ಸಿಸ್ಟರ್. ಕೂಸು ಹಾಲಿಗೂ ಏಳ್ತಿಲ್ಲ. ಹೊರಟಿದೀನಿ.”