ಎರಡೂ ಕಡೆ ನುಣುಪು

ಸೊಸೆ ಆ ರಿಮೋಟನ್ನು ಮನೆಗೆ ತಂದ ದಿನ ಹಸುಗೂಸನ್ನು ಎತ್ತಿಕೊಂಡವಳಂತೆ ಎರಡೂ ಕೈಯಲ್ಲಿ ಹಿಡಿದು ಬಂದಿದ್ದಳು. ಟಿವಿ, ಸ್ಪೀಕರು, ಸಿನಿಮಾ ಹಾಕುವ ಪೆಟ್ಟಿಗೆ, ಎಲ್ಲಕ್ಕೂ ಅದೊಂದೇ ಸಾಕು. ಹುಡುಕಿದರೂ ಒಂದು ಗುಂಡಿಯಿಲ್ಲ. ಅಂಗೈಯಗಲದ ಕಪ್ಪು ಗಾಜು, ಬೆರಳು ತಾಗಿಸಿದರೆ ಬೆಳಗುವ ಚಿತ್ರಗಳು, ಅಷ್ಟೇ. ಇಂಥವನ್ನು ತಯಾರಿಸುವ ಕಂಪನಿಯಲ್ಲಿ ಅವಳು ವಿನ್ಯಾಸಗಾರ್ತಿ. ಗುಂಡಿಗಳೇ ಬೇಡ ಎಂದು ಮೊದಲು ಹೇಳಿದವಳೂ ಅವಳೇ, ಹಟ ಹಿಡಿದು ಗೆದ್ದವಳೂ ಅವಳೇ. ಮಾರಾಟಕ್ಕೆ ಬಿಡುವ ಮೊದಲು ಮನೆಯಲ್ಲಿ ಬಳಸಿ ನೋಡಲೆಂದು ಒಂದನ್ನು ಕೊಟ್ಟಿದ್ದರು.

ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ಸವರಿದರು. ಅವರು ಬಟ್ಟೆ ಹೊಲಿದು ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದವರು.

"ಜೀವಮಾನವೆಲ್ಲಾ ಗುಂಡಿ ಹಚ್ಚಿದೋಳು ನಾನು. ನನ್ನ ಸೊಸೆ ಗುಂಡಿ ಕೀಳೋದಕ್ಕೆ ಸಂಬಳ ತಗೋತಾಳೆ," ಎಂದರು.

ಮೂವರೂ ನಕ್ಕರು. ಅಂಕಿಗಳೆಲ್ಲ ಸವೆದು ಹೋಗಿದ್ದ ಹಳೆಯ ರಿಮೋಟನ್ನು ಮಗ ಅದೇ ವಾರ ಗುಜರಿಗೆ ಹಾಕಿದ.

ಆಮೇಲೆ ಅತ್ತೆ ಟಿವಿ ನೋಡುವುದನ್ನೇ ಬಿಟ್ಟರು. ಮಧ್ಯಾಹ್ನದ ಧಾರಾವಾಹಿ ತಪ್ಪಿದರೆ ಊಟ ಸೇರದಿದ್ದವರು, ಕೇಳಿದರೆ "ಅದೇ ಅಳು, ಅದೇ ಜಗಳ, ಬೇಜಾರು ಬಂತು" ಎನ್ನತೊಡಗಿದರು. ಸೊಸೆಗೆ ಅದು ಚುಚ್ಚಿತು.

"ನಿಮ್ಮಮ್ಮ ನನ್ನ ಮೇಲಿನ ಸಿಟ್ಟನ್ನ ಟಿವಿ ಮೇಲೆ ತೀರಿಸ್ಕೊಳ್ತಿದಾರೆ," ಎಂದಳು ಗಂಡನಿಗೆ.

"ನಿಮ್ಮಿಬ್ಬರ ಮಧ್ಯೆ ಬಂದ್ರೆ ನಾನು ಅಡಕತ್ತರಿಗೆ ಸಿಕ್ಕ ಅಡಕೆ ಆಗ್ತೀನಿ. ನನ್ನ ಬಿಟ್ಬಿಡು," ಎಂದ ಅವನು.

ಒಂದು ದಿನ ಆಫೀಸಿನಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳುಹಿಸಿದರು. ಸೊಸೆ ತನ್ನ ಕೀಲಿಯಿಂದ ಬಾಗಿಲು ತೆರೆದು, ಚಪ್ಪಲಿ ಬಿಟ್ಟು ಒಳಗೆ ಬಂದಳು. ಟಿವಿ ಪರದೆ ಸದ್ದಿಲ್ಲದೆ, ಚಿತ್ರವಿಲ್ಲದೆ ಬರೀ ನೀಲಿಯಾಗಿತ್ತು. ಅತ್ತೆ ಎದುರಿನ ಸೋಫಾದಲ್ಲಿ ಕೂತು ಗಾಜಿನ ರಿಮೋಟಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಕದ್ದುಮುಚ್ಚಿ ಟಿವಿ ನೋಡಲು ಹೊರಟಿದ್ದಾರೆ ಎಂದು ಸೊಸೆಗೆ ನಗು ಬಂತು.

ಆಗ ಅವಳಿಗೆ ಕಂಡಿತು. ಅತ್ತೆ ರಿಮೋಟನ್ನು ಹಿಂದುಮುಂದಾಗಿ ಹಿಡಿದಿದ್ದರು. ಬೆಳಗುವ ಮುಖ ಅಂಗೈಗೆ ಅಂಟಿಕೊಂಡಿತ್ತು, ಅವರು ಸವರುತ್ತಿದ್ದದ್ದು ಬೆನ್ನನ್ನು. ಬೆನ್ನಿಗೂ ಅದೇ ನುಣುಪಾದ ಗಾಜು ಇರಲಿ ಎಂದವಳು ಸೊಸೆಯೇ. ಈಗ ತಿರುಗಿಸುತ್ತಾರೆ ಎಂದು ಕಾದಳು. ತಿರುಗಿಸಲಿಲ್ಲ. ಸೆರಗಿನ ಅಂಚಿನಿಂದ ಒರೆಸಿ, ಮತ್ತೆ ಅದೇ ಬೆನ್ನನ್ನು ಒತ್ತಿದರು.

"ಎಲ್ಲಿದೀಯೋ ಮಾರಾಯಾ, ಒಂದಾದ್ರೂ ಕೈಗೆ ಸಿಗು," ಎಂದು ಮೆಲ್ಲಗೆ ಹೇಳಿದರು.

ಸೊಸೆಯ ಕೈಯಿಂದ ಚೀಲ ಜಾರಿತು. ಅತ್ತೆ ತಲೆಯೆತ್ತಿ ನೇರವಾಗಿ ಅವಳ ಮುಖವನ್ನೇ ನೋಡಿದರು.

"ಯಾರದು?"

ಕಿಟಕಿಯ ಬೆಳಕೆಲ್ಲ ಅವಳ ಮೇಲೇ ಬೀಳುತ್ತಿತ್ತು. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ನಿಂತಿದ್ದಳು.

"ಯಾರು ಅಂತ ಕೇಳಿದ್ನಲ್ಲ," ಎಂದರು ಅತ್ತೆ. ದನಿಯಲ್ಲಿ ಹೆದರಿಕೆಯಿತ್ತು.

"ನಾನು, ಅತ್ತೆ."

"ಓ, ನೀನಾ. ಬೆಳಕು ಕಣ್ಣಿಗೆ ಹೊಡೀತು, ಗೊತ್ತಾಗ್ಲಿಲ್ಲ."

ಸೊಸೆ ಪಕ್ಕದಲ್ಲಿ ಕೂತು, ರಿಮೋಟನ್ನು ತಿರುಗಿಸಿ ಅವರ ಕೈಗಿಟ್ಟಳು. ಗಾಜು ಬೆಳಗಿತು.

"ಇದ್ರಲ್ಲಿ ಏನು ಕಾಣ್ತಿದೆ ಹೇಳಿ."

ಅತ್ತೆ ರಿಮೋಟನ್ನು ಮಡಿಲಿಗಿಟ್ಟರು. "ಏನೂ ಇಲ್ಲ ಮಗು. ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತೆ. ನೀನೊಂದು ನೆರಳು."

"ಯಾವಾಗಿಂದ?"

"ಬಲಗಣ್ಣು ಹೋಗಿ ತುಂಬಾ ಆಯ್ತು. ಎಡಗಣ್ಣು ಹೋದ ವರ್ಷದಿಂದ ಮಸುಕಾಗ್ತಾ ಬಂತು."

ಬೆಳಿಗ್ಗೆ ತನ್ನ ಊಟದ ಡಬ್ಬಿ ಕಟ್ಟಿದ ಕೈ ಇದು. ಕುದಿಯುವ ಎಣ್ಣೆಯ ಮುಂದೆ ನಿಂತಿದ್ದು, ಮಗನ ಅಂಗಿಗೆ ಇಸ್ತ್ರಿ ಹಾಕಿದ್ದು, ಎಲ್ಲವೂ ತಾನು ಅತ್ತಿತ್ತ ಓಡಾಡುತ್ತಿದ್ದ ಇದೇ ಮನೆಯಲ್ಲಿ. ತಾನು ಒಮ್ಮೆಯೂ ನೋಡಿರಲಿಲ್ಲ.

"ಹೇಗೆ ಅತ್ತೆ? ಇಷ್ಟು ದಿನ ಹೇಗೆ?"

"ಮನೆ ನನ್ನ ಕೈಗೆ ಗೊತ್ತು. ಹಳೇ ರಿಮೋಟೂ ಗೊತ್ತಿತ್ತು. ಧಾರಾವಾಹಿಗೆ ಕಿವಿ ಇದ್ರೆ ಸಾಕು. ಆದ್ರೆ ಇದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ."

"ನಮಗೆ ಹೇಳ್ಬಾರದಿತ್ತಾ?"

"ಹೇಳಿದ ದಿನವೇ ಕೈಯಿಂದ ಚಾಕು ಕಿತ್ಕೊಳ್ತಿದ್ರಿ. ಆಮೇಲೆ ಒಲೆ. ಆಮೇಲೆ ಮೂಲೇಲಿ ಕೂರಿಸಿ ತುತ್ತು ಕೊಡ್ತಿದ್ರಿ."

ಸಂಜೆ ಗಂಡ ನಂಬಲೇ ಇಲ್ಲ. ತಾಯಿಯ ಮುಂದೆ ಮಂಡಿಯೂರಿ ಎರಡು ಬೆರಳು ಎತ್ತಿದ. "ಅಮ್ಮಾ, ಎಷ್ಟು?"

"ಎರಡು," ಎಂದರು ಅತ್ತೆ ತಟ್ಟನೆ.

ಅವನು ಹೆಂಡತಿಯ ಕಡೆ ತಿರುಗಿ ಉಸಿರು ಬಿಟ್ಟ. "ನೋಡಿದ್ಯಾ? ಸುಮ್ನೆ ಗಾಬರಿ ಮಾಡಿದೆ." ಎತ್ತಿದ ಬೆರಳು ಮಡಚಿ ಕೈಯನ್ನು ಕೆಳಗಿಳಿಸಿ, "ಈಗ?" ಎಂದ ತಮಾಷೆಗೆ.

"ಮೂರು," ಎಂದರು ಅತ್ತೆ.

ಅವನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನೀರಿನ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಕಣ್ಣಿನ ಒತ್ತಡ ಏರಿ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದ ಚೂರನ್ನು ಹನಿ ಔಷಧಿಯಿಂದ ಕಾಪಾಡಬಹುದು ಎಂದರು. ಮುಂಚೆ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದೂ ಸೇರಿಸಿದರು.

ಆಫೀಸಿನಲ್ಲಿ ಸೊಸೆ ಗುಂಡಿ ಬೇಕು ಎಂದಾಗ ಮುಖ್ಯಸ್ಥರು ಅವಳನ್ನೇ ದಿಟ್ಟಿಸಿದರು. "ಅಚ್ಚು ತಯಾರಾಗಿದೆ. ಬೇಡ ಅಂತ ಕುಣಿದವರು ನೀವೇ ತಾನೇ?" ಅವಳು ಬಿಡದೆ ಬೆನ್ನುಬಿದ್ದಳು. ಕೊನೆಗೆ ರಿಮೋಟಿನ ಬೆನ್ನನ್ನು ತರಿತರಿ ಮಾಡಲು ಒಪ್ಪಿದರು. ಅವಳಿಗೆ ದಕ್ಕಿದ್ದು ಅಷ್ಟೇ. ಗಾಜಿನ ರಿಮೋಟು ಗುಂಡಿಯಿಲ್ಲದೆಯೇ ಅಂಗಡಿಗೆ ಹೋಯಿತು, ಚೆನ್ನಾಗಿ ಮಾರಾಟವೂ ಆಯಿತು. ಮನೆಗೆ ಗಂಡ ಬೀದಿ ಕೊನೆಯ ಅಂಗಡಿಯಿಂದ ದಪ್ಪ ಗುಂಡಿಗಳ ಅಗ್ಗದ ರಿಮೋಟು ತಂದ.

ಇದಕ್ಕೆಲ್ಲ ಮೊದಲು, ಡಾಕ್ಟರ ಬಳಿ ಹೋಗಿ ಬಂದ ಮರುದಿನವೇ ಅತ್ತೆ ಎಂದಿನಂತೆ ತರಕಾರಿ ಮುಂದಿಟ್ಟುಕೊಂಡು ಕೂತಿದ್ದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಚಾಕು ಬೆರಳಿನ ಉಗುರಿಗೆ ತಾಗಿ ತಾಗಿ ಹೋಗುತ್ತಿತ್ತು. ಅವಳ ಕೈ ತಾನಾಗಿ ಮುಂದೆ ಹೋಯಿತು, ಬಳೆ ಸದ್ದಾಯಿತು.

"ಬೇಡ," ಎಂದರು ಅತ್ತೆ, ತಲೆಯೆತ್ತದೆ.

ಸೊಸೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕೊನೆಯ ಹೋಳು ತಟ್ಟೆಗೆ ಬೀಳುವವರೆಗೂ ಉಸಿರು ಬಿಗಿಹಿಡಿದು ಅಲ್ಲೇ ನಿಂತಿದ್ದಳು.